ಜೇನು ಕುಟುಂಬಗಳ ಕ್ಷೀಣತೆ: ನಿಜವಾದ ಕಾರಣಗಳು ಮತ್ತು ತಪ್ಪು ಕಲ್ಪನೆಗಳು

ಗುತ್ತಲ, ರಾಣೆಬೆನ್ನೂರು, ಬ್ಯಾಡಗಿ ಭಾಗದ ವ್ಯಾಪಾರಸ್ಥರ ಲೆಕ್ಕಪುಸ್ತಕಗಳಲ್ಲಿ ಜೇನುನೊಣಕ್ಕೆ ಖಾತೆ ಇಲ್ಲ. ಟೊಮ್ಯಾಟೊ, ಮೆಣಸಿನಕಾಯಿ, ಹತ್ತಿಗಳ ಹೈಬ್ರಿಡ್ ಬೀಜವನ್ನು ಇಲ್ಲಿ ಕೈಯಿಂದ ಪರಾಗಸ್ಪರ್ಶ ಮಾಡಿಯೇ ಉತ್ಪಾದಿಸುವುದರಿಂದ, ನೊಣದ ನೆರವು ಅನಗತ್ಯವೆಂಬ ಭಾವನೆ ಬೆಳೆದಿರುವುದು ಸಹಜ. ಅಂತಹ ತಾಕುಗಳಲ್ಲಿ ಬೇರೆ ಹೊಲದ ಪರಾಗ ಹೊತ್ತು ತರುವ ನೊಣ ಬೇಡದ ಅತಿಥಿಯೂ ಹೌದು. ಆದರೆ ಉಳ್ಳಾಗಡ್ಡಿ ಬೀಜ, ಸೂರ್ಯಕಾಂತಿ, ಸೌತೆ, ಕಲ್ಲಂಗಡಿಗಳ ಮಾತು ಬೇರೆ. ನೊಣದ ಓಡಾಟ ಕಡಿಮೆಯಾದಲ್ಲಿ ಸೂರ್ಯಕಾಂತಿಯ ಕಾಳು ಜೊಳ್ಳಾಗುತ್ತದೆ. ಬೀಜವುಳ್ಳ ಸೌತೆಯ ಕಾಯಿ ಸೊಟ್ಟಗಾಗಿ ದರ ಕಳೆದುಕೊಳ್ಳುತ್ತದೆ.

ಜೇನು ನಾಶವಾಗುತ್ತಿದೆ ಎಂಬ ಮಾತು ಜಗತ್ತಿನಾದ್ಯಂತ ಹಬ್ಬಿದ್ದು 2006-07ರ ಚಳಿಗಾಲದ ನಂತರ. ಆಗ ಅಮೆರಿಕದ ಅನೇಕ ಜೇನುಪೆಟ್ಟಿಗೆಗಳಲ್ಲಿ ರಾಣಿ, ಮರಿ, ಜೇನುತುಪ್ಪ ಎಲ್ಲವೂ ಇದ್ದು ಕೆಲಸಗಾರ ನೊಣಗಳು ಮಾತ್ರ ಕಾಣೆಯಾಗಿದ್ದವು. ಈ ಸ್ಥಿತಿಗೆ ‘ಕಾಲನಿ ಕೊಲ್ಯಾಪ್ಸ್ ಡಿಸಾರ್ಡರ್’ ಎಂದು ಹೆಸರಿಡಲಾಯಿತು. ಒಂದೇ ಕಾರಣ ಸಿದ್ಧವಾಗಲಿಲ್ಲ. ವರೋವಾ ನುಸಿ, ವೈರಸ್‌ಗಳು, ಕೀಟನಾಶಕ, ಆಹಾರದ ಕೊರತೆ ಇವು ಕೂಡಿ ಕೆಲಸ ಮಾಡಿದವೆಂಬುದು ತಜ್ಞರ ಅಭಿಪ್ರಾಯ.

ಇದರ ಬೆನ್ನಲ್ಲೇ ಮೊಬೈಲ್ ಗೋಪುರದ ಕಥೆ ಹುಟ್ಟಿತು. ಜರ್ಮನಿಯ ಲಾಂಡೌ ವಿಶ್ವವಿದ್ಯಾಲಯದವರು ಮನೆಬಳಕೆಯ ತಂತಿರಹಿತ ದೂರವಾಣಿಯ ಘಟಕಗಳನ್ನು ಪೆಟ್ಟಿಗೆಯೊಳಗೇ ಇಟ್ಟು ಸಣ್ಣ ಪ್ರಯೋಗ ನಡೆಸಿದ್ದರು. 2007ರ ಏಪ್ರಿಲ್‌ನಲ್ಲಿ ಲಂಡನ್ನಿನ ಪತ್ರಿಕೆಯೊಂದು ಅದನ್ನು ಮೊಬೈಲಿಗೆ ಅನ್ವಯಿಸಿ ಬರೆಯಿತು. ತಮ್ಮ ಪ್ರಯೋಗಕ್ಕೂ ಮೊಬೈಲಿಗೂ ಸಂಬಂಧವಿಲ್ಲವೆಂದು ಸಂಶೋಧಕರು ಹೇಳಿದರೂ ಸುದ್ದಿ ನಿಲ್ಲಲಿಲ್ಲ. ಜೇನು ಅಳಿದರೆ ಮನುಷ್ಯನಿಗೆ ನಾಲ್ಕೇ ವರ್ಷ ಎಂದು ಐನ್‌ಸ್ಟೈನ್ ನುಡಿದರೆಂಬುದಕ್ಕೂ ಆಧಾರವಿಲ್ಲ. ಗೋವಿನಜೋಳ, ಜೋಳ, ಭತ್ತಗಳಿಗೆ ಪರಾಗ ಒಯ್ಯಲು ನೊಣವೇ ಬೇಕಿಲ್ಲ.

ಕರ್ನಾಟಕ ಕಂಡ ದೊಡ್ಡ ಆಘಾತಕ್ಕೆ ಕಾರಣ ಬೇರೆಯೇ. 1991-92ರಲ್ಲಿ ‘ಥಾಯ್ ಸ್ಯಾಕ್‌ಬ್ರೂಡ್’ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಶೇಕಡಾ 90ಕ್ಕೂ ಹೆಚ್ಚನ್ನು ಬಲಿ ತೆಗೆದುಕೊಂಡಿತು. ಇದು ದೊಡ್ಡ ನೊಣಗಳನ್ನಲ್ಲ, ಮರಿಹುಳುಗಳನ್ನು ಕೊಲ್ಲುತ್ತದೆ; ಸತ್ತ ಹುಳು ನೀರು ತುಂಬಿದ ಚೀಲದಂತಾಗುತ್ತದೆ. ಇದಕ್ಕೆ ಖಚಿತವಾದ ಔಷಧಿ ಇಲ್ಲ. ಬದುಕುಳಿದ ಕುಟುಂಬಗಳಿಂದಲೇ ಸಂತತಿ ಚೇತರಿಸಿಕೊಂಡಿತು. ಬಯಲು ಸೀಮೆಯಲ್ಲಿ ಮೆಲ್ಲಿಫೆರಾ ಪೆಟ್ಟಿಗೆಗಳು ಹೆಚ್ಚಲು ಈ ರೋಗವೂ ಒಂದು ಕಾರಣ. ಆದರೆ ತುಡುವೆ ತನ್ನ ಮೈಯಿಂದ ಕೆರೆದು ಹಾಕುವ ವರೋವಾ ನುಸಿ, ಮೆಲ್ಲಿಫೆರಾಕ್ಕೆ ಮಾರಕ.

ಆಲದ ಮರದ ಹೆಜ್ಜೇನು ಒಮ್ಮೆಲೇ ಖಾಲಿಯಾದರೆ ಅದು ಸತ್ತಿತೆಂದು ತಿಳಿಯಬೇಕಾಗಿಲ್ಲ. ಹೂವಿನ ಹಂಗಾಮು ಮುಗಿದಾಗ ವಲಸೆ ಹೋಗುವುದು, ಹಲವು ಬಾರಿ ಅದೇ ಮರಕ್ಕೆ ಮರಳುವುದು ಅದರ ಸ್ವಭಾವ. ತುಪ್ಪವೂ ಮರಿಯೂ ಇಲ್ಲದ ಹಲ್ಲೆ ವಲಸೆಯ ಅಥವಾ ಹಸಿವಿನ ಗುರುತು. ಪೆಟ್ಟಿಗೆಯ ಬಾಗಿಲಲ್ಲಿ ಸತ್ತ ನೊಣಗಳ ರಾಶಿ ಬಿದ್ದಿದ್ದರೆ ಮೊದಲ ಸಂಶಯ ವಿಷದ ಮೇಲೆ.

ಹಸಿವು ಇಲ್ಲಿ ಸಣ್ಣ ಮಾತಲ್ಲ. ಕುಸುಬೆ, ಗುರೆಳ್ಳು, ಸೂರ್ಯಕಾಂತಿ ಇದ್ದ ಎಷ್ಟೋ ಹೊಲಗಳಿಗೆ ಗೋವಿನಜೋಳ ಬಂದಿದೆ. ಅದು ಪರಾಗ ಕೊಡುತ್ತದೆ, ಮಕರಂದ ಕೊಡುವುದಿಲ್ಲ. ಬಿಟಿ ಹತ್ತಿಯ ಮೇಲಿನ ಆರೋಪವೂ ನಿಲ್ಲುವಂಥದ್ದಲ್ಲ: ಅದರ ಪ್ರೋಟೀನು ಕಾಯಿಕೊರಕ ಹುಳುಗಳ ಮೇಲೆ ಕೆಲಸ ಮಾಡುತ್ತದೆ, ನೊಣಕ್ಕೆ ನೇರ ಹಾನಿ ಕಂಡುಬಂದಿಲ್ಲ. ಹಾನಿ ಇರುವುದು ರಸ ಹೀರುವ ಕೀಟಗಳಿಗಾಗಿ ಹೊಡೆಯುವ ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್‌ಗಳಲ್ಲಿ. ಇವು ಗಿಡದೊಳಗೆ ಸೇರಿ ಮಕರಂದಕ್ಕೂ ಬರುತ್ತವೆ. ಸಾಯದಷ್ಟು ಅಲ್ಪ ಪ್ರಮಾಣದ ಥಯಾಮೆಥಾಕ್ಸಾಮ್ ಸೇವಿಸಿದ ನೊಣಗಳು ಗೂಡಿನ ದಾರಿ ತಪ್ಪುವುದನ್ನು ಫ್ರಾನ್ಸಿನ ಸಂಶೋಧಕರು 2012ರಲ್ಲಿ ತೋರಿಸಿದರು. ಐರೋಪ್ಯ ಒಕ್ಕೂಟವು 2018ರಲ್ಲಿ ಇವೆರಡನ್ನೂ ಕ್ಲೋಥಿಯಾನಿಡಿನ್‌ನನ್ನೂ ಬಯಲು ಹೊಲಗಳಲ್ಲಿ ನಿಷೇಧಿಸಿತು.

ಈ ಔಷಧಿಗಳು ರೈತನ ಕೈ ಸೇರುವುದು ಅಂಗಡಿಯ ಮೂಲಕವೇ. ಹೂವಾಡುತ್ತಿರುವ ಬೆಳೆಗೆ ಸಿಂಪಡಿಸುವುದನ್ನು ಸಾಧ್ಯವಾದಷ್ಟು ಮುಂದೂಡಬೇಕು. ಅನಿವಾರ್ಯವಾದರೆ ನೊಣಗಳು ಗೂಡು ಸೇರಿದ ಸಂಜೆಯ ನಂತರ ಹೊಡೆಯಬೇಕು. ನೆರೆಹೊಲದಲ್ಲಿ ಪೆಟ್ಟಿಗೆಗಳಿದ್ದರೆ ಹಿಂದಿನ ದಿನವೇ ತಿಳಿಸಬೇಕು. ಈ ಮೂರು ಮಾತುಗಳನ್ನು ಔಷಧಿ ಮಾರುವಾಗ ಬಿಲ್ಲಿನ ಬೆನ್ನಿಗೆ ಮುದ್ರಿಸಿ ಕೊಡಲು ವ್ಯಾಪಾರಿಗೆ ತಗಲುವ ವೆಚ್ಚ ಅತ್ಯಲ್ಪ.