ಮೇಲಿನ ಬಣ್ಣ, ಕೆಳಗಿನ ನೆಲ: ಭೂಕಂಪ ಪಾಠದಲ್ಲೊಂದು ತಿದ್ದುಪಡಿ

ಬೋಧನಾಭ್ಯಾಸದ ಎರಡನೆಯ ವಾರ ಸವಣೂರು ತಾಲೂಕಿನ ಶಾಲೆಯೊಂದರಲ್ಲಿ ಎಂಟನೆಯ ತರಗತಿಗೆ ‘ಕೆಲವು ನೈಸರ್ಗಿಕ ವಿದ್ಯಮಾನಗಳು’ ಪಾಠದ ಭೂಕಂಪದ ಭಾಗವನ್ನು ತೆಗೆದುಕೊಂಡಿದ್ದೆ. ಒಂದೇ ಭೂಕಂಪಕ್ಕೆ ಎಲ್ಲ ನೆಲವೂ ಒಂದೇ ರೀತಿ ಅಲುಗುವುದಿಲ್ಲ ಎಂದು ತೋರಿಸುವುದು ನನ್ನ ಉದ್ದೇಶ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ 200 ಕಿ.ಮೀ.ಗೂ ದೂರದ ಅಹಮದಾಬಾದಿನಲ್ಲಿ, ಸಾಬರಮತಿಯ ಮೆಕ್ಕಲಿನ ಮೇಲೆ, ಬಹುಮಹಡಿ ಕಟ್ಟಡಗಳು ಕುಸಿದವು. ಮೆತ್ತನೆಯ ನೆಲದಲ್ಲಿ ಅಲೆಯ ವೇಗ ತಗ್ಗಿ ಅಲುಗಾಟ ಹಿಗ್ಗುತ್ತದೆ.

ಸ್ಥಳೀಯ ಉದಾಹರಣೆಗೆಂದು ನಾಲ್ಕು ತಾಲೂಕುಗಳ ಚಾರ್ಟು ಬರೆದೆ. ಹಾನಗಲ್ಲ, ಹಿರೇಕೆರೂರಿನ ಕೆಂಪು ಮಸಾರಿಗೆ ‘ಗಟ್ಟಿ’, ಸವಣೂರು, ಶಿಗ್ಗಾಂವಿಯ ಎರಿಗೆ ‘ಮೆತ್ತನೆ, ಅಪಾಯ’. ಚಾರ್ಟು ಚೆಂದವೇ ಬಂದಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಟೀಚರ್, ಮ್ಯಾಲ ಅಷ್ಟ ಎರಿ ಐತ್ರಿ. ನಮ್ಮ ಬಾವಿ ತೋಡುಮುಂದ ಹನ್ನೆರಡು ಫೂಟಿಗೆ ಗರಸು ಹತ್ತೇತ್ರಿ, ಅದರ ಕೆಳಗ ಕಲ್ಲು” ಎಂದ. ಇನ್ನೊಬ್ಬಳು, “ನಮ್ಮ ಗ್ವಾಡಿ ಬಿರುಕು ಬಿಟ್ಟಾವ್ರಿ, ಭೂಕಂಪ ಆಗಿತ್ತನ್ರಿ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: ಬೇಸಾಯದ ನಕಾಶೆಯನ್ನು ಭೂಕಂಪದ ನಕಾಶೆ ಮಾಡಿದ್ದೀರಿ.

ಬಿರುಕಿನ ಪ್ರಶ್ನೆ ಸುಲಭದ್ದು. ಎರಿ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಗೋಡೆ ಬಿರಿಯಲು ಭೂಕಂಪವೇ ಬೇಕಿಲ್ಲ. ಮೊದಲನೆಯದಕ್ಕೆ ಓದಬೇಕಾಯಿತು. ನಮ್ಮ ಐಎಸ್ 1893 ಸಂಹಿತೆ (2016) ನೆಲವನ್ನು ಬಣ್ಣದಿಂದ ವಿಂಗಡಿಸುವುದಿಲ್ಲ. 63.5 ಕಿಲೋ ಭಾರವನ್ನು 75 ಸೆಂ.ಮೀ. ಮೇಲಿಂದ ಬಿಟ್ಟು, ಕೊಳವೆ 30 ಸೆಂ.ಮೀ. ಇಳಿಯಲು ಎಷ್ಟು ಹೊಡೆತ ಬೇಕೆಂದು ಎಣಿಸುತ್ತಾರೆ. 30ಕ್ಕಿಂತ ಹೆಚ್ಚಾದರೆ ಗಟ್ಟಿ, 10ರಿಂದ 30 ಮಧ್ಯಮ, 10ಕ್ಕಿಂತ ಕಡಿಮೆ ಮೆತ್ತನೆ. ಇನ್ನೊಂದು ಕ್ರಮದಲ್ಲಿ ಮೇಲಿನ 30 ಮೀಟರಿನಲ್ಲಿ ಅಡ್ಡ ಅಲೆಯ ಸರಾಸರಿ ವೇಗ ನೋಡುತ್ತಾರೆ: ಸೆಕೆಂಡಿಗೆ 760 ಮೀಟರ್ ದಾಟಿದರೆ ಶಿಲೆ, 180ಕ್ಕಿಂತ ಕಡಿಮೆಯಾದರೆ ತೀರ ಮೆತ್ತನೆ. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಈ ವೇಗವನ್ನು ಅಳೆದು ನಗರದ ನೆಲವನ್ನು ವಿಂಗಡಿಸಿದ್ದಾರೆ.

ಹುಡುಗನ ಬಾವಿಯನ್ನೇ ಲೆಕ್ಕಕ್ಕಿಟ್ಟೆವು. ವೇಗಗಳು ನಾವು ಊಹಿಸಿಕೊಂಡವು: 4 ಮೀಟರ್ ಎರಿಯಲ್ಲಿ 150, ಕೆಳಗಿನ 26 ಮೀಟರಿನಲ್ಲಿ 800. ಅಲೆಗೆ ಹಿಡಿಯುವ ಸಮಯ 4/150 + 26/800, ಅಂದರೆ ಸುಮಾರು 0.059 ಸೆಕೆಂಡು. 30 ಮೀಟರನ್ನು ಇದರಿಂದ ಭಾಗಿಸಿದರೆ ಸುಮಾರು 507. (ವೇಗಗಳ ಸರಾಸರಿ ತೆಗೆದರೆ 713 ಬರುತ್ತದೆ. ಮೊದಲು ನಾನೂ ಹಾಗೇ ಮಾಡಿದ್ದೆ.) ಇದು ಮೆತ್ತನೆಯ ನೆಲವಲ್ಲ, 360ರಿಂದ 760ರ ನಡುವಿನದು. ಹಾಗೆಂದು ನಿಶ್ಚಿಂತೆಯೂ ಸಲ್ಲ. ಆ 4 ಮೀಟರ್ ಪದರ ತೂಗುವ ಅವಧಿ 4 × 4/150, ಸುಮಾರು 0.1 ಸೆಕೆಂಡು. ಒಂದಂತಸ್ತಿನ ಮನೆಯದೂ ಹೆಚ್ಚುಕಡಿಮೆ ಅಷ್ಟೇ; ಎರಡೂ ಕೂಡಿದರೆ ಅಲುಗಾಟ ಹೆಚ್ಚುತ್ತದೆ.

ಮರುಪಾಠಕ್ಕೆ ಮಕ್ಕಳು ಮನೆಯವರನ್ನೂ ಬೋರು ಕೊರೆಯುವವರನ್ನೂ ಕೇಳಿ ನೆಲದ ಪದರಗಳನ್ನು ಬರೆದು ತಂದರು. ಅಂದಾಜುಗಳೇ, ಆದರೂ ಒಂದೇ ಊರಿನ ಎರಡು ಓಣಿಗಳು ಬೇರೆ ಬೇರೆ ಬಂದವು. ಬಿರುಕಿನ ಗೋಡೆಯ ಹುಡುಗಿಯ ಹಾಳೆಯಲ್ಲಿ ಮೇಲಿನ ಆರು ಅಡಿ ‘ತಗ್ಗಿಗೆ ಹಾಕಿದ ಮಣ್ಣು’ ಎಂದಿತ್ತು. ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಎಂದಾಗ ಅವಳು, ತಮ್ಮ ತಗ್ಗನ್ನು ಯಾವಾಗ ಮುಚ್ಚಿದರೆಂದು ಅಜ್ಜನನ್ನು ಕೇಳಿ ಬರುತ್ತೇನೆಂದಳು. ನನ್ನ ಚಾರ್ಟಿನಲ್ಲಿ ಅಂಥ ನೆಲಕ್ಕೆ ಬಣ್ಣವೇ ಇರಲಿಲ್ಲ; ಪೆನ್ಸಿಲಿನಲ್ಲಿ ಗೆರೆ ಎಳೆದು ಗುರುತು ಮಾಡಿದೆವು.