ಹಳೆಯ ರೋಡ್ ಬೈಕ್ ಫ್ರೇಮ್ ಕೊಳ್ಳುವ ಮುನ್ನ ಕಾನೂನು ತಿಳಿದಿರಲಿ

ಸೈಕಲ್ಲಿಗೆ ಆರ್‌ಸಿ ಇಲ್ಲ. ಮೋಟಾರು ವಾಹನ ಕಾಯ್ದೆಯ ನೋಂದಣಿ ಪೆಡಲ್ ತುಳಿಯುವ ಸೈಕಲ್ಲಿಗೆ ಅನ್ವಯಿಸುವುದಿಲ್ಲ. ಹೀಗಾಗಿ 70 ಸಾವಿರ ರೂಪಾಯಿಯ ಕಾರ್ಬನ್ ಫ್ರೇಮ್ ಯಾರದ್ದೆಂದು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಲು ಬರುವುದಿಲ್ಲ. ಕೈಗೆ ಸಿಗುವ ಮುಖ್ಯ ಸಾಕ್ಷ್ಯಗಳೆಂದರೆ ಅಂಗಡಿಯ ಬಿಲ್ಲು ಮತ್ತು ಫ್ರೇಮಿನ ಸೀರಿಯಲ್ ನಂಬರ್. ಸೆಕೆಂಡ್ ಹ್ಯಾಂಡ್ ಫ್ರೇಮ್ ಕೊಳ್ಳುವವರು ತೂಕ, ಬಣ್ಣ, ಬ್ರ್ಯಾಂಡ್ ನೋಡುವ ಮೊದಲೇ ಇವೆರಡನ್ನು ಕೇಳಬೇಕು.

ಫ್ರೇಮನ್ನು ತಲೆಕೆಳಗೆ ಮಾಡಿ. ಪೆಡಲಿನ ಅಚ್ಚು ಕೂರುವ ಬಾಟಮ್ ಬ್ರಾಕೆಟ್ ಶೆಲ್ಲಿನ ಅಡಿಯಲ್ಲಿ ಸಾಮಾನ್ಯವಾಗಿ ನಂಬರ್ ಕೊರೆದಿರುತ್ತದೆ. ಅದನ್ನು ಉಜ್ಜಿ ಅಳಿಸಿದ್ದರೆ, ಅಲ್ಲಷ್ಟೇ ಹೊಸ ಬಣ್ಣ ಬಳಿದಿದ್ದರೆ, ಬೆಲೆ ಎಷ್ಟೇ ಕಡಿಮೆಯಿದ್ದರೂ ಬಿಟ್ಟು ಬನ್ನಿ. ಕದ್ದ ಮಾಲೆಂದು ಗೊತ್ತಿದ್ದು, ಅಥವಾ ಹಾಗೆ ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317(2)ನೇ ಕಲಮಿನಡಿ 3 ವರ್ಷಗಳವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಅಳಿಸಿದ ನಂಬರ್ ಕಣ್ಣೆದುರಿಗಿದ್ದಾಗ ‘ನನಗೇನೂ ಗೊತ್ತಿರಲಿಲ್ಲ’ ಎಂಬ ಮಾತು ನಿಲ್ಲುವುದು ಕಷ್ಟ.

ನಿಜಕ್ಕೂ ಗೊತ್ತಿಲ್ಲದೆ ಕೊಂಡವರಿಗೆ ಜೈಲಿನ ಭಯವಿಲ್ಲ, ಆದರೆ ಫ್ರೇಮ್ ಉಳಿಯುವುದಿಲ್ಲ. 1930ರ ಸರಕು ಮಾರಾಟ ಕಾಯ್ದೆಯ 27ನೇ ಕಲಮಿನ ಪ್ರಕಾರ, ಮಾರುವವನಿಗೇ ಇಲ್ಲದ ಹಕ್ಕು ಕೊಂಡವನಿಗೆ ಬರುವುದಿಲ್ಲ. ಅದೇ ಕಾಯ್ದೆಯ 14ನೇ ಕಲಂ ಮಾರುವವನಿಗೆ ಮಾರುವ ಹಕ್ಕಿರಲೇಬೇಕು ಎನ್ನುತ್ತದೆ. ಅದರ ಬಲದ ಮೇಲೆ ಹಣ ವಾಪಸ್ ಕೇಳಬಹುದು. ಹಾಗೆ ಕೇಳಲು ಆ ವ್ಯಕ್ತಿಯ ಹೆಸರು, ವಿಳಾಸ, ಸಹಿ ನಿಮ್ಮಲ್ಲಿರಬೇಕು. ಆದ್ದರಿಂದ ನಗದು ಕೊಡಬೇಡಿ. ಯುಪಿಐ ಅಥವಾ ಬ್ಯಾಂಕ್ ಮೂಲಕವೇ ಪಾವತಿಸಿ.

ಇನ್ನು ಬಿಡಿಭಾಗಗಳ ಹೊಂದಾಣಿಕೆ. ಹೆಚ್ಚಿನ ಜಗಳ ಹುಟ್ಟುವುದು ಇಲ್ಲೇ. ‘ನಿಮ್ಮ ಪಾರ್ಟ್ಸ್ ಎಲ್ಲಾ ಕೂತ್ಕೊಳ್ಳುತ್ತೆ ಸಾರ್’ ಎಂಬ ಬಾಯಿಮಾತನ್ನು ಆಮೇಲೆ ಸಾಬೀತು ಮಾಡುವುದು ಹೇಗೆ? ಅದರ ಬದಲು ಅಳತೆಗಳನ್ನೇ ಬರೆಸಿಕೊಳ್ಳಿ. ಬಾಟಮ್ ಬ್ರಾಕೆಟ್ 68 ಮಿ.ಮೀ. ಬಿಎಸ್‌ಎ ಥ್ರೆಡ್ಡೋ, 70 ಮಿ.ಮೀ. ಇಟಾಲಿಯನ್ನೋ, ಪ್ರೆಸ್‌ಫಿಟ್ಟೋ? ಹಿಂಚಕ್ರದ ಅಂತರ ರಿಮ್ ಬ್ರೇಕಿನ 130 ಮಿ.ಮೀ. ಆಗಿದೆಯೋ, ಡಿಸ್ಕ್ ಬ್ರೇಕಿನ ಥ್ರೂ ಆಕ್ಸಲ್‌ಗೆ ಬೇಕಾದ 142 ಮಿ.ಮೀ. ಆಗಿದೆಯೋ? ಸೀಟ್‌ಪೋಸ್ಟ್ 27.2 ಮಿ.ಮೀ.ಯದ್ದೋ, 31.6ರದ್ದೋ? ವಾಟ್ಸ್‌ಆ್ಯಪಿನಲ್ಲಿ ಬಂದ ಈ ಉತ್ತರಗಳೇ ಸರಕು ಮಾರಾಟ ಕಾಯ್ದೆಯ 15ನೇ ಕಲಮಿನ ‘ವಿವರಣೆ’ಯಾಗುತ್ತವೆ. ಬಂದ ಸರಕು ಆ ವಿವರಣೆಗೆ ಹೊಂದದಿದ್ದರೆ ತಿರಸ್ಕರಿಸುವ ಹಕ್ಕು ನಿಮಗಿದೆ.

ಈ ಹಕ್ಕಿಗೆ ಮಿತಿಯೂ ಇದೆ. ಫ್ರೇಮ್ ಬಂದ ದಿನವೇ ಬೇರಿಂಗ್ ಕಪ್ ಬಡಿದು ಕೂರಿಸಿ, ಬಣ್ಣ ಹೊಡೆಸಿದರೆ ನೀವದನ್ನು ಸ್ವೀಕರಿಸಿದಂತಾಗುತ್ತದೆ. ಆಮೇಲೆ ಫ್ರೇಮ್ ಹಿಂದಿರುಗಿಸಲು ಬರದೆ, ಪರಿಹಾರವನ್ನಷ್ಟೇ ಕೇಳಬೇಕಾಗಬಹುದು. ಮೊದಲು ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆಯಿರಿ. ಸಾಧಾರಣ ಎಚ್ಚರಿಕೆಯಿಂದ ಪತ್ತೆ ಮಾಡಬಹುದಾಗಿದ್ದ ಸಂಗತಿಯ ಬಗ್ಗೆ ಮಾರುವವನು ಸುಮ್ಮನಿದ್ದ ಎಂಬ ಕಾರಣಕ್ಕೆ ಒಪ್ಪಂದ ರದ್ದುಮಾಡಲು 1872ರ ಕರಾರು ಕಾಯ್ದೆಯ 19ನೇ ಕಲಂ ಬಿಡುವುದಿಲ್ಲ. ಹೊರಗೇ ಕಾಣುವ ಬಿರುಕನ್ನು ನೀವೇ ನೋಡಬೇಕು. ಹೆಡ್ ಟ್ಯೂಬಿನ ಸಂದು, ಚೈನ್‌ಸ್ಟೇ, ಸೀಟ್‌ಪೋಸ್ಟ್ ಹಿಡಿಯುವ ಜಾಗಗಳನ್ನು ಟಾರ್ಚ್ ಹಾಕಿ ಪರೀಕ್ಷಿಸಿ.

ದೂರು ಎಲ್ಲಿಗೆ? ಮಾರಿದವರು ಸೈಕಲ್ ಅಂಗಡಿಯವರಾದರೆ, ಸ್ವಂತ ಬಳಕೆಗೆ ಕೊಂಡ ನೀವು ಗ್ರಾಹಕರು. ಮೊದಲು 1915 ಸಹಾಯವಾಣಿಗೆ ಕರೆ ಮಾಡಿ, ಪರಿಹಾರ ಸಿಗದಿದ್ದರೆ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ಹೋಗಿ. ದೂರಿಗೆ ಕಾರಣವಾದ ದಿನದಿಂದ 2 ವರ್ಷದೊಳಗೆ ದೂರು ಸಲ್ಲಿಸಬೇಕು. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ. ಆನ್‌ಲೈನಿನಲ್ಲಿ ಹಣ ಪಡೆದು ಫ್ರೇಮ್ ಕಳಿಸದೆ ಮಾಯವಾದವರ ಬಗ್ಗೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ತಿಳಿಸಿ.

ಮಾರಿದವರು ವ್ಯಾಪಾರಿಯಲ್ಲದೆ ನಿಮ್ಮಂತೆಯೇ ಒಬ್ಬ ಸವಾರರಾಗಿದ್ದರೆ ಗ್ರಾಹಕ ಆಯೋಗದ ದಾರಿ ಇಲ್ಲ. ಸಿವಿಲ್ ದಾವೆ ಹೂಡಬೇಕು. ಸಣ್ಣ ಮೊತ್ತಕ್ಕೆ ಅಷ್ಟು ಓಡಾಡುವ ಬದಲು ತಾಲ್ಲೂಕು ಅಥವಾ ಜಿಲ್ಲಾ ಕಾನೂನು ಸೇವೆಗಳ ಕಚೇರಿಯಲ್ಲಿ ಅರ್ಜಿ ಕೊಟ್ಟು, ದಾವೆಗೆ ಮುನ್ನವೇ ಲೋಕ ಅದಾಲತ್‌ಗೆ ಒಯ್ಯುವುದು ಮೇಲು. ಅಲ್ಲಿ ಕೋರ್ಟ್ ಶುಲ್ಕವಿಲ್ಲ. ಇಬ್ಬರೂ ಒಪ್ಪಿ ಆದ ರಾಜಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯಷ್ಟೇ ಬಲವಿದೆ, ಅದರ ಮೇಲೆ ಅಪೀಲಿಲ್ಲ.