ಮುಳ್ಳಿದ್ದವೆಲ್ಲ ಮುಳ್ಳುಹಂದಿಯಲ್ಲ

ಇಂಗ್ಲೆಂಡಿಗೆ ಬಂದ ಮೊದಲ ಸೆಪ್ಟೆಂಬರ್. ರಾತ್ರಿ ಹನ್ನೊಂದಕ್ಕೆ ಲೈಬ್ರರಿಯಿಂದ ಬರ್ತಾ ಇದ್ದೆ. ಮನೆ ಮುಂದಿನ ಕಸದ ಡಬ್ಬಿ ಪಕ್ಕ ಏನೋ ಸರಸರ ಸದ್ದು. ನೋಡಿದರೆ ತೆಂಗಿನಕಾಯಿ ಗಾತ್ರದ ಮುಳ್ಳಿನ ಉಂಡೆ! ಫೋಟೋ ತೆಗೆದು ಸಾಗರದಲ್ಲಿರುವ ಅಜ್ಜಿಗೆ "ನಮ್ಮನೆಗೆ ಮುಳ್ಳುಹಂದಿ ಬಂದಿದೆ" ಅಂತ ಕಳಿಸಿದೆ. ಒಂದು ಬಟ್ಟಲಲ್ಲಿ ಹಾಲನ್ನೂ ಇಟ್ಟೆ. ಬೆಳಿಗ್ಗೆ ಅಜ್ಜಿಯ ಉತ್ತರ ಬಂತು: "ಹತ್ರ ಹೋಗ್ಬೇಡ ಮಾರಾಯ, ಮುಳ್ಳು ಎಸೆಯುತ್ತೆ. ಆದ್ರೂ ಇದೇನು ಇಷ್ಟು ಸಣ್ಣದು?"

ಹಾಲಿನ ಬಟ್ಟಲು ನೋಡಿ ನನ್ನ ರೂಮ್‌ಮೇಟ್ ಬೈದ. ಹೆಡ್ಜ್‌ಹಾಗ್ ಹಾಲು ಕೊಟ್ಟರೆ ಕುಡಿಯುತ್ತೆ, ಆದರೆ ಅದರಲ್ಲಿರುವ ಲ್ಯಾಕ್ಟೋಸ್ ಅದಕ್ಕೆ ಜೀರ್ಣವಾಗೋಲ್ಲ. ಭೇದಿ ಹತ್ತಿ ಪ್ರಾಣಕ್ಕೇ ಅಪಾಯ ಆಗಬಹುದು. ಪ್ರಾಣಿಯ ಹೆಸರೂ ತಪ್ಪು, ಊಟವೂ ತಪ್ಪು. ಆ ನಾಚಿಕೆಯಲ್ಲೇ ಓದಲು ಶುರು ಮಾಡಿದ್ದು ಈ ಲೇಖನ ಆಯ್ತು.

ಯಾರು ಯಾರಿಗೆ ನೆಂಟರು?

ನಮ್ಮ ಕಡೆಯ ಮುಳ್ಳುಹಂದಿ ಇಂಗ್ಲಿಷಿನ ಪಾರ್ಕ್ಯುಪೈನ್. ಅದು ಇಲಿ, ಅಳಿಲುಗಳಂತೆ ದಂಶಕ, ಗೆಡ್ಡೆ-ಗೆಣಸು ಅಗೆದು ತಿನ್ನುವ ಪ್ರಾಣಿ. ಅದರ ಮುಳ್ಳು ಸುಲಭವಾಗಿ ಕಳಚಿ ಶತ್ರುವಿನ ಮೈಗೆ ಚುಚ್ಚಿಕೊಳ್ಳುತ್ತೆ. ಎಸೆಯುವುದಂತೂ ಇಲ್ಲ, ಅಜ್ಜಿಗೆ ಅದನ್ನು ಒಪ್ಪಿಸಲು ಇನ್ನೂ ಆಗಿಲ್ಲ. ಹೆಡ್ಜ್‌ಹಾಗ್ ಹುಳ, ಜೀರುಂಡೆ ತಿನ್ನುತ್ತೆ. ಹೆದರಿದಾಗ ಬೆನ್ನ ಸುತ್ತಲಿನ ಸ್ನಾಯುವನ್ನು ಸಂಚಿಯ ದಾರದಂತೆ ಬಿಗಿದು ಉಂಡೆಯಾಗುತ್ತೆ. ಇದರ ಹತ್ತಿರದ ನೆಂಟರು ಮೂಗಿಲಿ ಮತ್ತು ಮೋಲ್‌ಗಳು. ಎರಡರ ಮುಳ್ಳೂ ಗಟ್ಟಿಯಾದ ಕೂದಲೇ, ಆದರೆ ಬೇರೆ ಬೇರೆಯಾಗಿ ವಿಕಾಸವಾದವು. ಇಂಜಿನಿಯರಿಂಗ್ ಭಾಷೆಯಲ್ಲಿ ಹೇಳೋದಾದರೆ ರಿಕ್ವೈರ್‌ಮೆಂಟ್ ಒಂದೇ, ಡಿಸೈನ್ ಟೀಮ್ ಬೇರೆ.

ಗೊಂದಲ ನಮ್ಮದು ಮಾತ್ರ ಅಲ್ಲ. 1758ರಲ್ಲಿ ಲಿನೇಯಸ್ ಹೆಡ್ಜ್‌ಹಾಗನ್ನು 'ಬೆಸ್ಟಿಯೇ' ಎಂಬ ಗಣದಲ್ಲಿ ನಿಜವಾದ ಹಂದಿಯ ಜೊತೆಗೇ ಇಟ್ಟಿದ್ದ! ಆಮೇಲೆ 'ಇನ್ಸೆಕ್ಟಿವೋರಾ', ಅಂದರೆ ಕೀಟಾಹಾರಿಗಳು ಎಂಬ ಗಣ ಬಂತು. ಎಲ್ಲೂ ಸರಿಹೊಂದದ ಫೈಲ್‌ಗಳನ್ನು ನಾವು 'ಮಿಸ್ಲೇನಿಯಸ್' ಫೋಲ್ಡರಿಗೆ ಹಾಕ್ತೀವಲ್ಲ, ಹಾಗೆ. ಮಡಗಾಸ್ಕರ್‌ನ ಟೆನ್ರೆಕ್ ಕೂಡ ಅದರಲ್ಲಿತ್ತು. ಕೆಲವು ಟೆನ್ರೆಕ್‌ಗಳು ಥೇಟ್ ಹೆಡ್ಜ್‌ಹಾಗ್ ತರಹವೇ ಕಾಣುತ್ತವೆ, ಮುಳ್ಳೂ ಇದೆ, ಉಂಡೆಯೂ ಆಗುತ್ತವೆ. ಆದರೆ 1990ರ ದಶಕದ ಕೊನೆಗೆ ಡಿಎನ್‌ಎ ಹೋಲಿಸಿದಾಗ ಅವು ಆನೆಗಳಿರುವ ಕೊಂಬೆಗೆ ಸೇರಿದವು ಅಂತ ಗೊತ್ತಾಯ್ತು. ಹಳೆಯ ಫೋಲ್ಡರ್ ಒಡೆಯಿತು. ಹೆಡ್ಜ್‌ಹಾಗ್ ಈಗ 'ಯುಲಿಪೊಟಿಫ್ಲಾ' ಗಣದ 'ಎರಿನೇಸಿಡೇ' ಕುಟುಂಬದಲ್ಲಿದೆ. ತಮಾಷೆ ಏನಂದ್ರೆ, ಇದೇ ಕುಟುಂಬದ ಆಗ್ನೇಯ ಏಷ್ಯಾದ ಮೂನ್‌ರ‍್ಯಾಟ್‌ಗೆ ಮುಳ್ಳೇ ಇಲ್ಲ.

ಐದು ಕುಲಗಳು

ಮುಳ್ಳಿರುವ ಹೆಡ್ಜ್‌ಹಾಗ್‌ಗಳಲ್ಲಿ ಐದು ಕುಲಗಳಿವೆ.

1. ಎರಿನೇಸಿಯಸ್: ಯುರೋಪ್ ಮತ್ತು ಏಷ್ಯಾ, 4 ಪ್ರಭೇದ. ಬ್ರಿಟನ್‌ನಲ್ಲಿರುವುದು ಒಂದೇ, ಎರಿನೇಸಿಯಸ್ ಯುರೋಪಿಯಸ್.
2. ಅಟೆಲೆರಿಕ್ಸ್: ಮುಖ್ಯವಾಗಿ ಆಫ್ರಿಕಾ, 4 ಪ್ರಭೇದ. ಇನ್‌ಸ್ಟಾಗ್ರಾಮ್‌ನಲ್ಲಿ ಕಾಣುವ ಸಾಕು ಹೆಡ್ಜ್‌ಹಾಗ್ ಹೆಚ್ಚಾಗಿ ಇದೇ ಕುಲದ್ದು.
3. ಹೆಮಿಎಕೈನಸ್: ಉದ್ದ ಕಿವಿಯವು, 2 ಪ್ರಭೇದ.
4. ಪ್ಯಾರಎಕೈನಸ್: ಒಣ ಪ್ರದೇಶದವು, 4 ಪ್ರಭೇದ. ನೆತ್ತಿಯ ಮೇಲೆ ಬೈತಲೆ ತೆಗೆದಂತೆ ಮುಳ್ಳಿಲ್ಲದ ಪಟ್ಟಿ ಇರುತ್ತೆ.
5. ಮೆಸೆಕೈನಸ್: ಚೀನಾ, ಮಂಗೋಲಿಯಾ ಕಡೆಯವು. 2018ರಲ್ಲೂ ಚೀನಾದ ಯುನ್ನಾನ್‌ನಿಂದ ಇದರ ಹೊಸ ಪ್ರಭೇದವೊಂದನ್ನು ವರ್ಣಿಸಿದರು. ಅಂದರೆ ಎಣಿಕೆ ಇನ್ನೂ ಮುಗಿದಿಲ್ಲ.

ಭಾರತದಲ್ಲಿ ಮೂರು ಪ್ರಭೇದಗಳಿವೆ. ವಾಯವ್ಯದ ಒಣ ನಾಡಿನಲ್ಲಿ ಎರಡು, ದಕ್ಷಿಣದಲ್ಲಿ ಪ್ಯಾರಎಕೈನಸ್ ನ್ಯುಡಿವೆಂಟ್ರಿಸ್. ತಮಿಳರು ಇದನ್ನು 'ಮುಳ್ಳೆಲಿ' ಅಂತಾರೆ, ಅಂದರೆ ಮುಳ್ಳಿನ ಇಲಿ. ಇಲಿಯಲ್ಲದಿದ್ದರೂ ಮುಳ್ಳುಹಂದಿಯಿಂದ ಬೇರೆ ಅಂತ ಗುರುತಿಸೋ ಹೆಸರು ಅವರಿಗಿದೆ.

ಹೆಸರಿಂದ ಏನು ಬದಲಾಗುತ್ತೆ?

ಈ ದಕ್ಷಿಣದ ಪ್ರಭೇದವನ್ನು ಬಹಳ ಕಾಲ ಉತ್ತರದ್ದರ ಉಪಪ್ರಭೇದ ಅಂತಲೇ ಎಣಿಸುತ್ತಿದ್ದರು. ಹಾಗೆ ಒಟ್ಟು ಸೇರಿಸಿದಾಗ ಲೆಕ್ಕದಲ್ಲಿ ಪ್ರಾಣಿ ವ್ಯಾಪಕವಾಗಿ ಕಾಣುತ್ತೆ. ದಕ್ಷಿಣದ್ದು ಕಡಿಮೆಯಾದರೂ ಯಾರಿಗೂ ತಿಳಿಯೋಲ್ಲ. ತಮಿಳುನಾಡಿನಲ್ಲಿ ಇದರ ಚರ್ಮ, ಮುಳ್ಳನ್ನು ಕೆಮ್ಮಿನ ನಾಟಿ ಔಷಧಿಗೆ ಬಳಸುವ ಪದ್ಧತಿಯೂ ಇದೆ. ಬೇರೆ ಪ್ರಭೇದ ಅಂತ ಗುರುತಿಸಿದಾಗ ಮಾತ್ರ ಅದರ ಸ್ಥಿತಿಯನ್ನು ಬೇರೆಯಾಗಿ ಅಳೆಯಲು ಸಾಧ್ಯ.

ಅಂಥ ಲೆಕ್ಕ ಇಲ್ಲಿ ನಡೆದಿದೆ. 2020ರ ಬ್ರಿಟನ್ ಕೆಂಪುಪಟ್ಟಿಯಲ್ಲಿ ಹೆಡ್ಜ್‌ಹಾಗ್ 'ಅಪಾಯಕ್ಕೆ ತುತ್ತಾಗಬಹುದಾದ' ಪ್ರಾಣಿ. 2024ರಲ್ಲಿ ಐಯುಸಿಎನ್ ಕೂಡ ಯುರೋಪಿನ ಪ್ರಭೇದವನ್ನು 'ಅಪಾಯದ ಸಮೀಪ' ಅಂತ ಬದಲಿಸಿತು. ರಸ್ತೆ, ಕೀಟನಾಶಕ, ಬೇಲಿಯಿಲ್ಲದ ದೊಡ್ಡ ಹೊಲ, ಸಂದಿಯಿಲ್ಲದ ತೋಟದ ಗೋಡೆ, ಎಲ್ಲಾ ಕಾರಣವೇ.

ನಾವು ಬಾಡಿಗೆ ಮನೆಯವರು, ಆದರೂ ಕೆಲವು ಮಾಡಬಹುದು. ಹಾಲು ಬೇಡ, ಅಗಲ ತಟ್ಟೆಯಲ್ಲಿ ನೀರಿಡಿ, ಬೇಕಾದರೆ ಮಾಂಸದ ಕ್ಯಾಟ್ ಫುಡ್. ಮನೆ ಮಾಲೀಕರು ಒಪ್ಪಿದರೆ ಬೇಲಿಯ ಬುಡದಲ್ಲಿ 13 ಸೆಂ.ಮೀ. ಚೌಕದ ಕಿಂಡಿ ಬಿಡಿಸಿ. ಹಗಲಲ್ಲಿ ಬಯಲಲ್ಲಿ ಬಿದ್ದುಕೊಂಡಿದ್ದರೆ ಅದಕ್ಕೆ ಹುಷಾರಿಲ್ಲ ಅಂತ ತಿಳಿದು ಹತ್ತಿರದ ವನ್ಯಜೀವಿ ರಕ್ಷಕರಿಗೆ ಫೋನ್ ಮಾಡಿ.

ನಮ್ಮನೆ ಅತಿಥಿ ಈ ವರ್ಷವೂ ಬಂದಿತ್ತು, ಅದೇನೋ ಬೇರೆಯದೋ ಗೊತ್ತಿಲ್ಲ. ಅಜ್ಜಿಗೆ ಫೋಟೋ ಕಳಿಸಿದೆ. "ಅದೇ ಮೂಗಿಲಿ ನೆಂಟನಾ? ನೀರು ಇಟ್ಯಾ?" ಅಂದ್ರು.